ಬೆಂಚಿನಲ್ಲಿ ಉಳಿದ ಅಣ್ಣ

ಕಳೆದ ಶನಿವಾರ ಥಾರ್ನ್‌ಹಿಲ್‌ನಲ್ಲಿರುವ ಮಗಳ ಮನೆಯ ಬಾಗಿಲು ತೆರೆದಾಗ, ತೆಂಗಿನೆಣ್ಣೆಯಲ್ಲಿ ಪಾಪ್‌ಕಾರ್ನ್ ಸಿಡಿಯುವ ವಾಸನೆ ಬಂತು. ಎಣ್ಣೆಗೆ ಕರಿಬೇವು, ಚೂರು ಅರಸಿನ, ಮೆಣಸಿನ ಪುಡಿ. ಅದನ್ನು ನಾನು ಅವಳಿಗೆ ಕಲಿಸಿದ್ದಲ್ಲ. ಕಲಿಸಿದವರು ಯಾರೆಂದು ನನಗೆ ಗೊತ್ತು. ಶೂ ಬಿಚ್ಚುವ ನೆಪದಲ್ಲಿ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ... ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಎದ್ದಿತ್ತು.

2009ರ ಸುಮಾರಿಗೆ ನಾವು ನಾರ್ತ್ ಯಾರ್ಕಿನ ಕಟ್ಟಡವೊಂದರ ಹದಿನಾಲ್ಕನೇ ಮಹಡಿಯಲ್ಲಿದ್ದೆವು, ಅದನ್ನು ಕಲಿಸಿದ ಅಕ್ಕ ಹನ್ನೊಂದರಲ್ಲಿ. ಉಡುಪಿ ಕಡೆಯವರು, ನಮ್ಮ ಚರ್ಚಿನ ಸಭೆಯವರೇ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಬೆಳಗಿನ ಶಿಫ್ಟು ಮುಗಿಸಿ ಬಂದರೆ ಲೈಬ್ರರಿಯಿಂದ ತಂದ ಸಿನಿಮಾ ನೋಡುವುದೊಂದೇ ಅವರ ಖುಷಿ. ಪ್ರಾರ್ಥನೆಗೆ ಬಂದವರ ಕಣ್ಣಿಗೆ ಬೀಳಬಾರದೆಂದು ನಾವೆಲ್ಲ ಡಿವಿಡಿಗಳನ್ನು ಟೀವಿಯ ಹಿಂದೆ ತಳ್ಳುತ್ತಿದ್ದೆವು. ಅವರ ಮನೆಯಲ್ಲಿ ಅವು ಸೋಫಾದ ಮೇಲೆಯೇ ಬಿದ್ದಿರುತ್ತಿದ್ದವು.

ಶನಿವಾರ ಮಧ್ಯಾಹ್ನ, ಕಟ್ಟಡದ ಪಾರ್ಟಿ ರೂಮಿನಲ್ಲಿ ನಮ್ಮ ಸಭೆಯ ಮಕ್ಕಳಿಗೆ ನಾನು ವೇದಪಾಠ ಹೇಳುತ್ತಿದ್ದೆ. ಬೈಬಲಿನ ವಾಕ್ಯ ಬಾಯಿಪಾಠ ಮಾಡಿಸುವುದು, ತಪ್ಪಿಲ್ಲದೆ ಒಪ್ಪಿಸಿದವರಿಗೆ ನಕ್ಷತ್ರದ ಸ್ಟಿಕ್ಕರ್ ಕೊಡುವುದು. ಆರು ಮಕ್ಕಳು, ಅವರಲ್ಲಿ ಹನ್ನೆರಡರ ನನ್ನ ಮಗಳೂ ಒಬ್ಬಳು. ಆರೂ ಮಂದಿ ಆಕಳಿಸುತ್ತಿದ್ದರು. ಆದರೂ ಬರುತ್ತಿದ್ದರಲ್ಲ, ಅದನ್ನೇ ಕರ್ತನ ಕೃಪೆಯೆಂದು ಎಣಿಸಿಕೊಳ್ಳುತ್ತಿದ್ದೆ.

ಆ ವರ್ಷದ ಚಳಿಗಾಲದಲ್ಲಿ ತಾಯಿಗೆ ಹುಷಾರಿಲ್ಲವೆಂದು ಎರಡು ತಿಂಗಳು ಊರಿಗೆ ಹೋಗಬೇಕಾಯಿತು. ಅಷ್ಟು ದಿನ ಕ್ಲಾಸು ನೋಡಿಕೊಳ್ಳಿ ಎಂದು ಅಕ್ಕನನ್ನು ಕೇಳಿದವಳು ನಾನೇ.

"ನನಗೆ ಪಾಠಗೀಠ ಬರುದಿಲ್ಲ ಮಾರಾಯ್ತಿ. ಸಿನಿಮಾ ನೋಡ್ಲಿಕ್ಕೆ ಮಾತ್ರ ಬರ್ತದೆ," ಎಂದರು. ತಮಾಷೆ ಎಂದುಕೊಂಡೆ.

ಹಿಂತಿರುಗಿ ಬಂದ ಶನಿವಾರ ಪಾರ್ಟಿ ರೂಮಿನ ಬಾಗಿಲಲ್ಲಿ ಹನ್ನೊಂದು ಜೊತೆ ಬೂಟುಗಳಿದ್ದವು. ಒಳಗೆ ಕತ್ತಲೆ, ಪಾಪ್‌ಕಾರ್ನಿನ ಘಮ. ಟೀವಿಯಲ್ಲಿ ಒಬ್ಬ ನಾಯಕ, ಉರಿಯುತ್ತಿರುವ ಗಗನನೌಕೆಯ ಕೊನೆಯ ಸೀಟನ್ನು ತನ್ನ ಶತ್ರುವಿಗೆ ಬಿಟ್ಟುಕೊಡುತ್ತಿದ್ದ. ಅಕ್ಕ ಅಲ್ಲಿಗೆ ನಿಲ್ಲಿಸಿ ದೀಪ ಹಾಕಿ, ಇವನು ಯಾರ ಹಾಗೆ ಎಂದು ಕೇಳಿದರು.

"ಯೇಸು!" ಎಂದು ಒಂದು ಮಗು ಕೂಗಿತು.

"ಎಲ್ಲದಕ್ಕೂ ಯೇಸು ಅಂದ್ರೆ ಆಯ್ತಾ? ಓದದೆ ಪರೀಕ್ಷೆಗೆ ಬಂದವರ ಉತ್ತರ ಅದು. ಆ ಸೀಟಲ್ಲಿ ಕೂತವ ಯಾರು, ಅದನ್ನು ಹೇಳು."

ಮಗು ಯೋಚಿಸಿತು. "ನಾನಾ?"

"ಹಾಂ. ಈಗ ಪಾಪ್‌ಕಾರ್ನ್ ತಗೊ."

ಪ್ರತಿ ಸಿನಿಮಾವನ್ನೂ ಅವರು ಮೊದಲೇ ಮೂರು ಸಲ ನೋಡಿ, ನಿಮಿಷ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. 'ನಲವತ್ತೊಂದನೇ ನಿಮಿಷ: ಕ್ಷಮೆ. ಐವತ್ತೈದು: ಮುತ್ತು, ಮುಂದಕ್ಕೆ ಓಡಿಸಬೇಕು. ಅರವತ್ತಮೂರು: ಸುಳ್ಳು, ಆಮೇಲೆ ಅಳು.' ನಾನು ಎರಡು ವರ್ಷ ತಲೆಗೆ ತುಂಬಿದರೂ ಇಳಿಯದ ವಿಷಯ ಅವರ ರಿಮೋಟಿಗೆ ಸಲೀಸಾಗಿ ಇಳಿಯುತ್ತಿತ್ತು. ಅಕ್ಕನೇ ಮುಂದುವರಿಸಲಿ ಎಂದು ತಾಯಂದಿರು ಹೇಳಿದರು. ನಾನು ಹಿಂದಿನ ಕುರ್ಚಿಗೆ ಹೋದೆ. ಜ್ಯೂಸ್ ಹಂಚುವ ಕೆಲಸ ನನ್ನದಾಯಿತು.

ಮನೆಯ ಪ್ರಾರ್ಥನೆಯಲ್ಲಿ ಮಗಳು ಗಡಿಯಾರ ನೋಡುತ್ತಿದ್ದಳು. ನಾನು ವಾಕ್ಯ ವಿವರಿಸಿದರೆ, "ಆಂಟಿ ಹಾಗೆ ಹೇಳ್ಲಿಲ್ಲ ಅಮ್ಮ," ಎನ್ನುತ್ತಿದ್ದಳು. ಹೆತ್ತದ್ದು ನಾನು, ಜ್ವರಕ್ಕೆ ಹಣೆಗೆ ಬಟ್ಟೆ ಹಾಕಿದ್ದು ನಾನು. ಅವಳ ದೇವರನ್ನು ಮಾತ್ರ ಅವಳಿಗೆ ಪರಿಚಯ ಮಾಡಿಸಿದ್ದು ಹನ್ನೊಂದನೇ ಮಹಡಿಯವರು...

ಆಮೇಲೆ ಬಂತು ಆ ಐಸ್-ಹಾಕಿ ಆಟದ ಸಿನಿಮಾ. ಇಬ್ಬರು ಅಣ್ಣತಮ್ಮಂದಿರು, ಅಪ್ಪನೇ ಕೋಚ್. ತಂಡ ಬಿಟ್ಟು ಅಲೆದಾಡಿದ ತಮ್ಮ ಕೊನೆಯ ಪಂದ್ಯದ ದಿನ ಮರಳಿ ಬರುತ್ತಾನೆ. ಅಪ್ಪ ಅವನನ್ನು ತಬ್ಬಿಕೊಂಡು ಆಟಕ್ಕೆ ಇಳಿಸುತ್ತಾನೆ. ಒಂದು ದಿನವೂ ಅಭ್ಯಾಸ ತಪ್ಪಿಸದ ಅಣ್ಣ ಬೆಂಚಿನಲ್ಲೇ ಉಳಿಯುತ್ತಾನೆ. ವೇದದಲ್ಲಿರುವ ಕಳೆದುಹೋದ ಮಗನ ಕಥೆಯೇ ಅದೆಂದು ನನಗೆ ತಕ್ಷಣ ಹೊಳೆಯಿತು; ಅಲ್ಲಿಯೂ ಮರಳಿ ಬಂದ ತಮ್ಮನಿಗೆ ಅಪ್ಪ ಔತಣ ಮಾಡಿಸುತ್ತಾನೆ, ಅಣ್ಣ ಸಿಟ್ಟಿನಿಂದ ಮನೆಯ ಹೊರಗೇ ನಿಲ್ಲುತ್ತಾನೆ. ಅಕ್ಕ ಆ ಅಣ್ಣನ ಮುಖದ ಮೇಲೆ ಸಿನಿಮಾ ನಿಲ್ಲಿಸಿದರು.

"ಇವನನ್ನು ನೋಡಿದ್ರೆ ಯಾರ ನೆನಪಾಗ್ತದೆ ಮಕ್ಕಳೇ?"

ನನ್ನ ಮಗಳು ಕೈಯೆತ್ತಿದಳು. "ನಮ್ಮಮ್ಮ. ಎಲ್ಲಾ ಕರೆಕ್ಟಾಗಿ ಮಾಡ್ತಾರೆ, ಬಟ್ ಆಲ್ವೇಸ್ ಆಂಗ್ರಿ."

ಮಕ್ಕಳೆಲ್ಲ ನಕ್ಕರು. ನಾನು ಜ್ಯೂಸಿನ ಜಗ್ಗು ಕೆಳಗಿಟ್ಟು ಹೊರಟುಬಂದೆ.

ಮರುದಿನ ಆರಾಧನೆ ಮುಗಿದ ಮೇಲೆ ಸಭಾಪಾಲಕರ ಹತ್ತಿರ ಹೋದೆ. ಮಕ್ಕಳಿಗೆ ಲೋಕದ ಸಿನಿಮಾ ತೋರಿಸುತ್ತಾರೆ, ಮುತ್ತಿನ ದೃಶ್ಯಗಳೂ ಇರುತ್ತವೆ ಎಂದೆ. ಒಂದು ಸುಳ್ಳನ್ನೂ ಹೇಳಲಿಲ್ಲ. ಅಂಥದ್ದನ್ನು ಅವರು ತೋರಿಸದೆ ಮುಂದಕ್ಕೆ ಓಡಿಸುತ್ತಿದ್ದರು ಎಂಬುದನ್ನು ಮಾತ್ರ ಹೇಳಲಿಲ್ಲ.

ಸಿನಿಮಾ ನಿಂತಿತು. ಕ್ಲಾಸು ಮತ್ತೆ ನನ್ನ ಕೈಗೆ ಬಂತು, ಮಕ್ಕಳು ನಾಲ್ಕಕ್ಕೆ ಇಳಿದರು. ಹೋಮ್‌ವರ್ಕ್ ಇದೆ ಎನ್ನುತ್ತಾ ಮಗಳು ಕೆಳಗೆ ಬರುವುದನ್ನೇ ಬಿಟ್ಟಳು. ತಪ್ಪದೆ ಬಂದವರು ಅಕ್ಕ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕುಳಿತು, ತಡವರಿಸುತ್ತಾ ವಾಕ್ಯ ಒಪ್ಪಿಸಿ, "ನನಗೂ ನಕ್ಷತ್ರ ಉಂಟಾ?" ಎಂದು ಕೇಳಿದರು. ದೂರು ಕೊಟ್ಟದ್ದು ಯಾರೆಂದು ಅವರಿಗೆ ಗೊತ್ತಿತ್ತು. ಆದರೂ ಆ ದನಿಯಲ್ಲಿ ಕೊಂಕು ಹುಡುಕಿದರೆ ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು...

ನಾಲ್ಕು ವರ್ಷಗಳ ನಂತರ ಅವರು ವಿಟ್ಬಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಬರುತ್ತೇನೆ ಅಕ್ಕ ಎಂದೆ. ಹೋಗಲಿಲ್ಲ. ಫೋರ್ ನಾಟ್ ಒನ್ ಹೆದ್ದಾರಿಯ ಟ್ರಾಫಿಕ್ಕು ಒಳ್ಳೆಯ ನೆಪ. 2015ರಲ್ಲಿ ಅವರು ತೀರಿಕೊಂಡಾಗ, ಅಂತ್ಯಕ್ರಿಯೆಯಲ್ಲಿ ನನ್ನ ಮಗಳು ಅವರ ಮನೆಯವರ ಸಾಲಿನಲ್ಲಿ ನಿಂತು ಅತ್ತಳು. ಯಾರೂ ಅವಳನ್ನು ಅಲ್ಲಿಗೆ ಕರೆದಿರಲಿಲ್ಲ, ತಾನಾಗಿಯೇ ಹೋಗಿದ್ದಳು. ನಾನು ಹಿಂದೆ ನಿಂತಿದ್ದೆ.

ಇಷ್ಟು ವರ್ಷ ಕೇಳದಿದ್ದುದನ್ನು ಕಳೆದ ಶನಿವಾರ ಮಗಳಲ್ಲಿ ಕೇಳಿದೆ. ಅವತ್ತು ನಾನು ಎದ್ದು ಹೋದ ಮೇಲೆ ಆಂಟಿ ಏನೆಂದರು?

"ನಂಗೆ ಬೈದ್ರು. ಬೈಬಲ್ ಸ್ಟೋರಿಯಲ್ಲಿ ಅಪ್ಪ ಪಾರ್ಟಿ ಬಿಟ್ಟು ಹೊರಗೆ ಬಂದದ್ದು ಯಾರಿಗೋಸ್ಕರ, ಬಿಗ್ ಬ್ರದರಿಗೋಸ್ಕರ ಅಲ್ವಾ ಅಂದ್ರು. ಆಮೇಲೆ ಸಿನಿಮಾ ಹಾಗೇ ಬಿಟ್ಟು ನಿಮ್ಮ ಹಿಂದೆ ಓಡಿದ್ರು. ಎಲಿವೇಟರ್ ಹತ್ರ ನೀವಿಬ್ರೂ ಮಾತಾಡಿದ್ರಿ ತಾನೆ?"

"ಹೂಂ, ಮಾತಾಡಿದೆವು," ಎಂದೆ.

ಮಾತಾಡಿರಲಿಲ್ಲ. ಅವರು ಬರಿಗಾಲಲ್ಲಿ ಬರುತ್ತಿದ್ದುದನ್ನು ನೋಡಿದ್ದೆ. "ನಿಲ್ಲು ಮಾರಾಯ್ತಿ, ಒಂದು ನಿಮಿಷ," ಎಂದು ಕರೆದದ್ದನ್ನೂ ಕೇಳಿದ್ದೆ. ಲಿಫ್ಟಿನ ಒಳಗೆ ನಿಂತು, ಬಾಗಿಲು ಮುಚ್ಚುವ ಗುಂಡಿಯನ್ನು ಒತ್ತಿದೆ. ಬಾಗಿಲು ಪೂರ್ತಿ ಮುಚ್ಚುವವರೆಗೂ ಬೆರಳು ತೆಗೆಯಲಿಲ್ಲ.

ಮಗಳು ಈಗಲೂ ಅವರನ್ನು ನೆನೆದು ಮನಸಾರೆ ಅಳುತ್ತಾಳೆ, ಅಳುತ್ತಲೇ ನಗುತ್ತಾಳೆ. ನನಗೆ ಅಷ್ಟು ಸಲೀಸಾಗಿ ಅಳು ಬರುವುದಿಲ್ಲ. ಅದಕ್ಕೂ ಅವಳ ಮೇಲೆ ನನಗೆ ಹೊಟ್ಟೆಕಿಚ್ಚೇ.