ಎಂಜಲಿನ ಬೆಂಕಿ

ಶೃಂಗೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿಂತು ವೀರಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಎಂಜಲು ವೀರಮ್ಮ ಅನ್ನಬೇಕು. ಆಗ ಆಟೋದವರಿಂದ ಹಿಡಿದು ಹೂ ಕಟ್ಟುವವರ ತನಕ ಎಲ್ಲರೂ ಅಡ್ಡಗದ್ದೆಯ ದಿಕ್ಕಿಗೆ ಕೈ ತೋರಿಸುತ್ತಾರೆ. ಹೋಟೆಲುಗಳ ಹಿಂಬಾಗಿಲಿನಿಂದ ಎಂಜಲು ಬಕೆಟ್ಟು ಹೊರುವವಳು ಅಂತ ಅಣಕಿಸಲಿಕ್ಕೆ ಯಾರೋ ಇಟ್ಟ ಹೆಸರು ಅದು. ಕಿವಿಗೆ ಬಿದ್ದ ವಾರದಲ್ಲೇ ವೀರಮ್ಮ ಪೇಂಟರನ್ನು ಕರೆಸಿ ತನ್ನ ಗೂಡ್ಸ್ ಆಟೋದ ಬೆನ್ನಿಗೆ ಅದನ್ನೇ ಕೆಂಪು ಅಕ್ಷರದಲ್ಲಿ ಬರೆಸಿಬಿಟ್ಟಳು.

"ಪುಕ್ಕಟೆ ಕೊಟ್ಟಿದಾರೆ ಮಾರಾಯ್ರೆ, ಬಿಡೂದ್ಯಾಕೆ?" ಎಂದು ನಕ್ಕಳು.

ವೀರಮ್ಮ ಬಸರೀಕಟ್ಟೆಯ ಮಗಳು, ಅಡ್ಡಗದ್ದೆಯ ಸೊಸೆ. ಒಂದಿಷ್ಟು ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ಎರಡು ದನ, ಆ ಗೂಡ್ಸ್ ಆಟೋ, ಇಷ್ಟು ಆಕೆಯ ಆಸ್ತಿ. ಆದರೆ ಕೊಪ್ಪದಿಂದ ನರಸಿಂಹರಾಜಪುರದವರೆಗೆ ಸಣ್ಣ ಹೋಟೆಲು, ಬೇಕರಿ, ಲಾಡ್ಜು ನಡೆಸುವವರಿಗೆ ಆಕೆಯ ಕಾಟ ಗೊತ್ತು. ಚಹಾ ಕುಡಿಯಲು ಬಂದವಳಂತೆ ಒಳಗೆ ಬರುತ್ತಾಳೆ, ನೆಟ್ಟಗೆ ಅಡಿಗೆಮನೆಗೇ ಹೋಗುತ್ತಾಳೆ.

ಕೊಪ್ಪದಲ್ಲಿ ದೇವಪ್ಪ ಅಂತ ಒಬ್ಬರಿದ್ದಾರೆ. ಅವರ ಹೋಟೆಲಿಗೆ ಮೊದಲ ಸಲ ನುಗ್ಗಿದಾಗ ಫ್ರಿಜ್ಜಿನ ಬೆನ್ನಿಗೆ ಕೈಯಿಟ್ಟು ಕೇಳಿದಳು: "ದೇವಪ್ಪಣ್ಣ, ಇದು ಫ್ರಿಜ್ಜಾ, ಒಲೆಯಾ?"

"ಕೈ ತೆಗಿ ವೀರಮ್ಮ. ನಿಂಗೆಂತ ಗೊತ್ತು ಅದ್ರ ವಿಷ್ಯ?"

"ಒಲೆ ಪಕ್ಕ ಇಟ್ರೆ ಬಿಸಿಯಾಗ್ತದೆ ಅಂತ ಗೊತ್ತು. ನೀವು ಕಡ್ಲೆ ಬೇಯಿಸ್ಲಿಕ್ಕೆ ಗ್ಯಾಸಿಗೂ ದುಡ್ಡು ಕೊಡ್ತೀರಿ, ಅದೇ ಕಾವಿನಲ್ಲಿ ಫ್ರಿಜ್ಜು ಬೇಯೂದಕ್ಕೆ ಕರೆಂಟಿಗೂ ಕೊಡ್ತೀರಿ. ಶ್ರೀಮಂತ್ರು ಬಿಡಿ. ಕಡ್ಲೆ ರಾತ್ರಿ ನೆನೆ ಹಾಕಿದ್ರಾ?"

"ಮರ್ತೋಯ್ತು."

"ನೀವು ಮರ್ತ್ರೆ ಗ್ಯಾಸಿನವ್ರು ನೆನಪಿಸ್ತಾರೆ."

ದೇವಪ್ಪನವರಿಗೆ ಸಿಟ್ಟು ಬಂದು ಆ ದಿನ ಚಹಾ ಕೊಡಲಿಲ್ಲ. ಆದರೆ ಆಕೆ ಹೋದ ಮೇಲೆ ಫ್ರಿಜ್ಜನ್ನು ಎದುರು ಗೋಡೆಗೆ ಎಳೆಸಿದರು. ಇಡ್ಲಿ ಪಾತ್ರೆಗೆ ಸರಿಯಾದ ಮುಚ್ಚಳ ಬಂತು. ದಿನವಿಡೀ ಸುಮ್ಮನೆ ಕುದಿಯುತ್ತಿದ್ದ ಬಾಯ್ಲರು ಗಿರಾಕಿ ಇಲ್ಲದ ಹೊತ್ತಿನಲ್ಲಿ ಆರತೊಡಗಿತು. ಮುಂದಿನ ಬಿಲ್ಲು ಕೈಗೆ ಬಂದಾಗ ಅವರೇ ಫೋನು ಮಾಡಿ, "ವೀರಮ್ಮ, ಚಹಾ ಬಾಕಿ ಇದೆ, ಬಾ" ಎಂದರು.

ಇದಕ್ಕೆಲ್ಲ ಸಂಬಳ ಏನು ಎಂದರೆ, ಏನೂ ಇಲ್ಲ. ಆಕೆಯ ಆಸೆ ಬೇರೆ ಇತ್ತು. ಹೋಟೆಲಿನ ಎಂಜಲನ್ನೂ ತರಕಾರಿ ಸಿಪ್ಪೆಯನ್ನೂ ತಿಂದು ಗ್ಯಾಸು ಕೊಡುವ ಗುಂಡಿ ಹಿತ್ತಲಲ್ಲಿ ಹಾಕಿಸಿ, ಗ್ಯಾಸು ನಿಮಗೆ, ಗುಂಡಿಯಿಂದ ಹೊರಬರುವ ಸ್ಲರಿ ಗೊಬ್ಬರ ನನ್ನ ತೋಟಕ್ಕೆ ಅನ್ನುವುದು ಆಕೆಯ ಒಪ್ಪಂದ. ಕೇಳಿದವರೆಲ್ಲ ಮೂಗು ಮುಚ್ಚಿಕೊಂಡರು. ಕಡೆಗೆ ಹೂಂ ಎಂದವಳು ಮಹಿಮಾ ಒಬ್ಬಳೇ.

ಮಹಿಮಾಳದು ಶೃಂಗೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಓಣಿಯಲ್ಲೇ ಅಪ್ಪನ ಕಾಲದಿಂದ ನಡೆದುಬಂದ ಊಟದ ಮನೆ. ಬಾಳೆಲೆ ಊಟ. ಯಾತ್ರೆಗೆ ಬಂದವರು ಉಂಡು ಹೋಗುತ್ತಿದ್ದರು. ಆದರೆ ಮನೆ ನಿಂತಿದ್ದು ಅವರಿಂದಲ್ಲ. ಸುತ್ತಲ ಮನೆಗಳ ಉಪನಯನ, ಸೀಮಂತ, ತಿಥಿ-ವೈದಿಕದ ಊಟಗಳಿಂದ. ಆ ಊಟಗಳನ್ನು ಹಿಡಿದು ತರುತ್ತಿದ್ದವರೂ ನಿಂತು ಬೇಯಿಸುತ್ತಿದ್ದವರೂ ಮಹಿಮಾ ಚಿಕ್ಕಂದಿನಿಂದ ಮಾವ ಎಂದು ಕರೆಯುತ್ತಿದ್ದ ಅಡಿಗೆಯ ಗಣೇಶಮೂರ್ತಿ ಭಟ್ಟರು. ಅವರ ಕೈಯ ಸಾರಿಗೆ ಹೆಸರಿತ್ತು, ಅವರ ಮಡಿಗೆ ಇನ್ನೂ ದೊಡ್ಡ ಹೆಸರಿತ್ತು. ಸಿಲಿಂಡರಿನ ದರ ಏರುತ್ತಾ ಹೋದಾಗ ಮಹಿಮಾ ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದಳು. ವೀರಮ್ಮ ಬಂದಳು, ಹಿತ್ತಲಲ್ಲಿ ಗುಂಡಿ ತೋಡಿಸಿದಳು, ತನ್ನ ಕೊಟ್ಟಿಗೆಯ ಸಗಣಿ ತಂದು ಅದಕ್ಕೆ ಮೊದಲ ತುತ್ತು ಕೊಟ್ಟಳು. ಉಪ್ಪಿನಕಾಯಿ, ನಿಂಬೆ ಹೋಳು ಹಾಕಬೇಡಿ, ಅದರ ಹೊಟ್ಟೆ ಕೆಡುತ್ತದೆ ಎಂದು ಪಾತ್ರೆ ತೊಳೆಯುವವರಿಗೆಲ್ಲ ಪಾಠ ಮಾಡಿದಳು. ಕೆಲವು ವಾರಕ್ಕೆ ಪೈಪಿನ ತುದಿಯಲ್ಲಿ ನೀಲಿ ಜ್ವಾಲೆ ಹತ್ತಿತು. ಸಿಲಿಂಡರು ತರುವ ಗಾಡಿ ಆ ಬಾಗಿಲಲ್ಲಿ ನಿಲ್ಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಓಣಿಯ ಇನ್ನೂ ಮೂರು ಹೋಟೆಲಿನವರು ಹಿತ್ತಲಿಗೆ ಬಂದು ಗುಂಡಿಯ ಸುತ್ತ ಸುತ್ತಿ, ನಮಗೂ ಒಂದು ನೋಡು ವೀರಮ್ಮ ಎಂದರು.

ನೆಮ್ಮಾರಿನವರ ಒಂದು ಉಪನಯನದ ಊಟಕ್ಕೆ ಮೂರು ದಿನ ಮುಂಚೆ ಭಟ್ಟರು ಪಾತ್ರೆಗಳನ್ನು ನೋಡಿಕೊಂಡು ಹೋಗಲು ಬಂದರು. ಒಲೆಗೆ ಹೊಸ ಪೈಪು ಬಂದದ್ದು ಕಂಡಿತು. ಎಲ್ಲಿಂದ ಎಂದು ಅದರ ಗುಂಟ ನಡೆದು ಹಿತ್ತಲು ಮುಟ್ಟಿದರು. ವೀರಮ್ಮ ಬಕೆಟ್ಟು ಬಗ್ಗಿಸುತ್ತಿದ್ದಳು: ಅನ್ನ, ಪಲ್ಯ, ಸೀಳಿ ಹೆಚ್ಚಿದ ಬಾಳೆಲೆ.

ಭಟ್ಟರು ಪಂಚೆ ಎತ್ತಿ ಹಿಂದೆ ಸರಿದರು. "ಎಂತ ಇದು ಮಹಿಮಾ? ಜನ ಉಂಡು ಬಿಟ್ಟ ಎಲೆಯಿಂದ ಬಂದ ಬೆಂಕಿಯಾ ಇದು?"

"ಹೌದು ಮಾವ. ಬೆಂಕಿ ಬೆಂಕಿಯೇ ಅಲ್ವಾ?"

"ಅಲ್ಲ. ಎಂಜಲಿನ ಬೆಂಕೀಲಿ ನಾನು ನೈವೇದ್ಯ ಬೇಯಿಸೂದಾ? ವಟುವಿಗೆ ಮಾತೃಭೋಜನ ಬಡಿಸೂದಾ? ಊರವ್ರು ನನ್ನ ಮುಖಕ್ಕೆ ಉಗೀತಾರೆ ಕೂಸೇ."

ವೀರಮ್ಮ ಬಕೆಟ್ಟು ಕೆಳಗಿಟ್ಟಳು. "ಭಟ್ರೇ, ನಿಮ್ಮನೆ ಊಟದೆಲೆ ಎಲ್ಲಿಗೆ ಎಸೀತೀರಿ?"

"ಹಸುವಿಗೆ ಹಾಕ್ತೇವೆ."

"ಆ ಹಸುವಿನ ಹಾಲು ದೇವ್ರ ತಲೆ ಮೇಲೆ ಹೊಯ್ತೀರಿ. ಅದು ಎಂಜಲಲ್ವಾ?"

"ಹಸುವಿನ ವಿಷ್ಯ ಬೇರೆ. ಗುಂಡಿ ಬೇರೆ. ನಿಂಗೆ ಅರ್ಥ ಆಗೂದಿಲ್ಲ ಬಿಡು." ಮಹಿಮಾಳ ಮುಖ ನೋಡಿ, ದನಿ ತಗ್ಗಿಸಿದರು. ಅವರು ಕೆಟ್ಟವರಲ್ಲ. "ಒಂದು ದಾರಿ ಉಂಟು. ಎಂಜಲನ್ನು ಮೊದ್ಲು ದನಕ್ಕೆ ಹಾಕಿ. ಅದು ತಿಂದು ಸಗಣಿ ಹಾಕ್ಲಿ. ಆ ಸಗಣಿ ಗುಂಡಿಗೆ ಹೋಗ್ಲಿ. ಗೋಮಯ ಅಂದ್ರೆ ನಂಗೆ ಅಡ್ಡಿಯಿಲ್ಲ, ನಾನೇ ಒಲೆ ಹಚ್ತೇನೆ."

ಮಹಿಮಾಳ ಮುಖ ಅರಳಿತು. ಎಷ್ಟು ಸುಲಭ! ವೀರಮ್ಮನ ಕೊಟ್ಟಿಗೆಯಲ್ಲಿ ದನ ಇದ್ದೇ ಇದೆ. ಆಕೆ ವೀರಮ್ಮನ ಕಡೆ ತಿರುಗಿದಳು.

"ಆಗೂದಿಲ್ಲ," ಎಂದಳು ವೀರಮ್ಮ.

"ಯಾಕೆ ಅಕ್ಕಾ?"

"ಒಂದು ದನ ಕೊಂದಾಗಿದೆ. ಇನ್ನೊಂದು ಕೊಲ್ಲೂದಿಲ್ಲ."

ಆಗ ಆಕೆ ಹೇಳಿದ್ದನ್ನು ಮಹಿಮಾ ಅದುವರೆಗೆ ಕೇಳಿರಲಿಲ್ಲ. ಮೊದಮೊದಲು ವೀರಮ್ಮ ಹೋಟೆಲಿನ ಎಂಜಲು ಒಯ್ಯುತ್ತಿದ್ದದ್ದು ದನಕ್ಕೇ. ಆ ಕಡೆ ಎಲ್ಲರೂ ಮಾಡುವುದೇ ಅದು. ಉಳಿದ ಅನ್ನ ಕಂಡರೆ ದನಕ್ಕಾಗುತ್ತದೆ ಅನ್ನುತ್ತಾರೆ, ಎಷ್ಟು ಎಂದು ಯಾರೂ ಕೇಳುವುದಿಲ್ಲ. ಒಂದು ಮದುವೆ ಮನೆಯ ಅನ್ನವನ್ನು ಆಟೋ ತುಂಬ ತಂದು, ತಿನ್ನಲಿ ಪಾಪ ಎಂದು ಕಪಿಲೆಯ ಮುಂದೆ ಸುರಿದಿದ್ದಳು. ಗಬ್ಬದ ದನ. ಆಸೆಯಿಂದ ತಿಂದಿತು. ಸಂಜೆಗೆ ಹೊಟ್ಟೆ ನಗಾರಿಯ ಹಾಗೆ ಉಬ್ಬಿತು, ಕಾಲು ಮಡಚಿ ಕೂತದ್ದು ಮತ್ತೆ ಏಳಲಿಲ್ಲ.

"ಡಾಕ್ಟ್ರು ಬಂದು ಒಂದೇ ಮಾತು ಹೇಳಿದ್ರು, ಹುಲ್ಲು ತಿನ್ನೋ ಪ್ರಾಣಿಗೆ ಇಷ್ಟು ಅನ್ನ ವಿಷ ಅಂತ. ಅವತ್ತಿಂದ ಈ ಗುಂಡಿ ಹುಚ್ಚು ಹತ್ತಿದ್ದು ನಂಗೆ. ಭಟ್ರೇ, ನಿಮ್ಮ ಬೆಂಕಿ ಶುದ್ಧ ಆಗ್ಲಿಕ್ಕೆ ನನ್ನ ದನದ ಹೊಟ್ಟೆ ಯಾಕೆ ಬೇಕು?"

ಭಟ್ಟರ ಮನಸ್ಸು ಬದಲಾಗಲಿಲ್ಲ. "ದನದ್ದು ಪಾಪ. ಹಾಗಂತ ನಾನು ಇದ್ರಲ್ಲಿ ಬೇಯಿಸೂದಿಲ್ಲ," ಎಂದರು. "ಪೈಪು ಕಿತ್ತು ಹಾಕು ಮಹಿಮಾ, ಇಲ್ಲಾಂದ್ರೆ ನೆಮ್ಮಾರಿನವ್ರ ಊಟ ಬೇರೆ ಕಡೆ. ಮುಂದಿನದ್ದೂ."

ಅವರು ಹೋದ ಮೇಲೆ ಹಿತ್ತಲಲ್ಲಿ ಇಬ್ಬರೇ ಉಳಿದರು. ಮಹಿಮಾಳ ಕಣ್ಣಲ್ಲಿ ನೀರಿತ್ತು.

"ಹಠ ನಿಮ್ದು ಅಕ್ಕಾ. ಅನ್ನ ನಂದು," ಎಂದಳು.

ವೀರಮ್ಮನಿಗೆ ಅದು ನಾಟಿತು. ಎಲ್ಲರ ಅಡಿಗೆಮನೆಗೆ ನುಗ್ಗಿ ಬಾಯಿ ಮಾಡಿ ಬರುವವಳಿಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. "ಹೌದು ಮಗಾ," ಎಂದಳು. "ಪೈಪು ನಿಂದು, ಸ್ಪ್ಯಾನರ್ ಅಲ್ಲಿದೆ. ನೀನು ಕಿತ್ರೆ ನಾನು ಸಿಟ್ಟಾಗೂದಿಲ್ಲ. ದನಕ್ಕೆ ಮಾತ್ರ ಹಾಕೂದಿಲ್ಲ."

ಮಹಿಮಾ ಸ್ಪ್ಯಾನರ್ ಎತ್ತಿಕೊಂಡು ಪೈಪಿನ ಮುಂದೆ ಕೂತಳು. ತಿರುಪಿಗೆ ಹಚ್ಚಿದಳು, ತೆಗೆದಳು. ಮತ್ತೆ ಹಚ್ಚಿದಳು. ಪೈಪು ಕಿತ್ತರೆ ಊಟಗಳು ಉಳಿಯುತ್ತವೆ, ಸಿಲಿಂಡರು ಅವುಗಳ ಲಾಭವನ್ನು ನುಂಗುತ್ತದೆ. ಕೀಳದಿದ್ದರೆ ಊಟಗಳೇ ಇಲ್ಲ. ಹೇಗೆ ಹೋದರೂ ಅಂಗಡಿ ಬಡವಾಗುವುದೇ. ಹಾಗಾದರೆ ಯಾರ ಮುಂದೆಯೂ ಕೈಕಟ್ಟಿ ನಿಲ್ಲದ ಬಡತನವೇ ಮೇಲು ಎಂದು ಆಕೆಗೆ ಅನ್ನಿಸಿತೋ ಏನೋ. ಎದ್ದು ಭಟ್ಟರಿಗೆ ಫೋನು ಹಚ್ಚಿದಳು.

"ಮಾವ, ನೈವೇದ್ಯಕ್ಕೆ ಅಂಗಳದಲ್ಲಿ ಕಟ್ಟಿಗೆ ಒಲೆ ಹಾಕಿ ಕೊಡ್ತೇನೆ. ದೇವ್ರದ್ದು ನಿಮ್ಮ ಮಡೀಲೇ ಆಗ್ಲಿ. ಜನರ ಊಟ ಮಾತ್ರ ಈ ಗ್ಯಾಸಿನಲ್ಲೇ. ಒಪ್ಪಿಗೆ ಇದ್ರೆ ಬನ್ನಿ."

ಭಟ್ಟರು ಬರಲಿಲ್ಲ. ನೆಮ್ಮಾರಿನ ಊಟ ಹೊಳೆಯಾಚೆಯ ಒಂದು ಛತ್ರಕ್ಕೆ ಹೋಯಿತು. ಸುದ್ದಿ ಓಣಿ ತುಂಬ ಹರಡಿತು. ಗುಂಡಿ ಕೇಳಿದ್ದ ಮೂವರೂ ಮುಂದೆ ನೋಡುವಾ ಎಂದು ಹಿಂದೆ ಸರಿದರು. ಮಹಿಮಾ ಬಾಗಿಲ ಮೇಲೆ ಬೋರ್ಡು ತೂಗಿಸಿದಳು: 'ಇಲ್ಲಿ ನೀವು ಉಂಡು ಬಿಟ್ಟದ್ದರ ಗ್ಯಾಸಿನಲ್ಲೇ ಅಡಿಗೆ. ಬಿಡಬೇಡಿ, ಬಿಟ್ಟರೂ ದಂಡವಿಲ್ಲ.'

ಓದಿ ಹಾಗೇ ಹಿಂದಿರುಗಿದವರಿದ್ದಾರೆ. ನಕ್ಕು ಒಳಗೆ ಬಂದವರೂ ಇದ್ದಾರೆ. ಒಬ್ಬ ಡ್ರೈವರು ಉಂಡು ಕೈ ತೊಳೆದು, "ನಿನ್ನೆ ಬಿಟ್ಟ ಪಲ್ಯ ಇವತ್ತು ಸಾರು ಕುದಿಸ್ತಾ ಅಮ್ಮಾ?" ಎಂದು ಕೇಳಿದ. "ಇವತ್ತು ನೀವು ಎಂತದೂ ಬಿಡ್ಲಿಲ್ವಲ್ಲ, ನಾಳೆ ಉಪವಾಸ ನಾವು," ಎಂದಳು ಮಹಿಮಾ. ಅವನು ಮರುದಿನ ಇಡೀ ಬಸ್ಸನ್ನೇ ಆ ಬಾಗಿಲಿಗೆ ತಂದ. ಊಟಗಳು ಹೋದ ಜಾಗ ತುಂಬಲಿಲ್ಲ, ಆದರೆ ಒಲೆ ಉರಿಯಿತು.

ಉಪನಯನ ಮುಗಿದ ಮರುದಿನ ಬೆಳಿಗ್ಗೆ ವೀರಮ್ಮನ ಫೋನು ಬಡಿಯಿತು. ಗಣೇಶಮೂರ್ತಿ ಭಟ್ಟರು.

"ವೀರಮ್ಮ, ಎಲೆ ರಾಶಿ ಬಿದ್ದಿದೆ ಛತ್ರದ ಹಿಂದೆ. ಪ್ಲಾಸ್ಟಿಕ್ ಲೋಟ ಎಲ್ಲ ಸೇರಿಸಿ ಇಟ್ಟಿದಾರೆ, ಕಸದ ಗಾಡಿಯವ್ರು ಬೆರಕೆ ಮುಟ್ಟೂದಿಲ್ಲ ಅಂತಾರೆ. ಛತ್ರದವ್ರು ಹೊಳೆಗೆ ದೂಡಿ ಅಂತಾರೆ. ತುಂಗೆಗೆ ಎಂಜಲು ಹಾಕ್ಲಿಕ್ಕೆ ನನ್ನ ಕೈ ಬರೂದಿಲ್ಲ."

"ಮಹಿಮಾನ ಹಿತ್ತಲಿನ ಗುಂಡಿ ಆಗ್ತದಾ?"

"ಆಗ್ತದೆ."

"ಆಟೋ ಕಳಿಸ್ತೇನೆ ಭಟ್ರೇ. ಪ್ಲಾಸ್ಟಿಕ್ ನೀವೇ ಆರಿಸ್ಬೇಕು. ಗುಂಡಿಗೆ ಸುರೀಲಿಕ್ಕೂ ನೀವೇ ಬರ್ಬೇಕು. ಎಂಜಲು ವೀರಮ್ಮ ಇವತ್ತು ಬಕೆಟ್ಟು ಮುಟ್ಟೂದಿಲ್ಲ."

ಬರಲಿಕ್ಕಿಲ್ಲ ಎಂದೇ ಮಹಿಮಾ ಅಂದುಕೊಂಡಿದ್ದಳು. ಬಂದರು. ಪಂಚೆ ಎತ್ತಿ ಕಟ್ಟಿ, ಮೂಗಿಗೆ ಅಂಗವಸ್ತ್ರ ಸುತ್ತಿ, ತಾವೇ ಬಡಿಸಿದ್ದ ಊಟದ ಎಲೆಗಳನ್ನು ಗುಂಡಿಯ ಬಾಯಿಗೆ ಬಗ್ಗಿಸಿದರು. ಓಣಿಯ ಹೋಟೆಲಿನವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಯಾರೂ ನಗಲಿಲ್ಲ.

ಮುಗಿದ ಮೇಲೆ ಭಟ್ಟರು ಕೈ ತೊಳೆದರು. "ನಾನು ಇದ್ರಲ್ಲಿ ಬೇಯಿಸೂದಿಲ್ಲ. ಅದು ಅದೇ," ಎಂದರು.

"ಬೇಯಿಸ್ಬೇಡಿ. ನಾನು ಬೇಯಿಸ್ತೇನೆ," ಎಂದಳು ಮಹಿಮಾ. "ಆದ್ರೆ ಇನ್ನು ಎಲ್ಲಿ ಬೇಯಿಸಿದ್ರೂ ಎಲೆ ಇಲ್ಲಿಗೇ ಬರ್ಬೇಕು ಮಾವ. ಹೊಳೆಗೆ ಹೋಗ್ಬಾರ್ದು."

ಭಟ್ಟರು ತಲೆಯಾಡಿಸಿ ಹೊರಟರು. ಅಂದಿನಿಂದ ಅವರ ಪ್ರತಿ ಊಟದ ಎಲೆಯೂ ಆ ಹಿತ್ತಲಿಗೆ ಬರುತ್ತಿದೆ, ಅವರಿನ್ನೂ ಆ ಅಡಿಗೆಮನೆಯ ಹೊಸಿಲು ದಾಟಿಲ್ಲ. ಹೀಗೆ ಬಂದ ಎಲೆಗಳಿಂದ ಗುಂಡಿಗೆ ಹೊಟ್ಟೆ ತುಂಬಿ, ಮಹಿಮಾ ಸಿಲಿಂಡರನ್ನು ಪೂರ್ತಿ ಬಿಟ್ಟಳು. ಉಳಿದ ದುಡ್ಡಿನಲ್ಲಿ ಬೆಳಗಿನ ಇಡ್ಲಿ, ಬನ್ಸು ಶುರುವಾಯಿತು. ಅಂಗಡಿ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಅದೆಲ್ಲ ಆಮೇಲಿನದು. ಅವತ್ತು, ಭಟ್ಟರ ಬೆನ್ನು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ, ಕಾಂಪೌಂಡಿನ ಮೇಲಿಂದ ಪಕ್ಕದ ಹೋಟೆಲಿನವರು ಮೆತ್ತಗೆ ಕರೆದರು: "ವೀರಮ್ಮ, ನಮ್ಮ ಹಿತ್ತಲು ಯಾವಾಗ ನೋಡ್ತೀಯೆ?"

"ಮುಂದೆ ನೋಡುವಾ ಅಂದಿದ್ರಲ್ಲ ಮಾರಾಯ್ರೆ," ಎಂದಳು ವೀರಮ್ಮ, ಗುದ್ದಲಿ ಹೆಗಲಿಗೇರಿಸಿಕೊಂಡು ಅವರ ಗೇಟಿನ ಕಡೆ ನಡೆಯುತ್ತಲೇ.