ಇಪ್ಪತ್ತೆರಡು ಉತ್ತರ, ಒಂದೇ ಬಾವಿ

1951ರಲ್ಲಿ ನಾನು ಬಳ್ಳಾರಿಯಲ್ಲಿ ಶಾಲೆಗಳ ಡೆಪ್ಯೂಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಕುರುಗೋಡು, ಸಿರುಗುಪ್ಪ ಕಡೆಯ ಶಾಲೆಗಳು ನನ್ನ ಪಾಲಿಗೆ ಬಂದಿದ್ದವು. ಆ ವರ್ಷದ ಇಂಗ್ಲಿಷ್ ಪರೀಕ್ಷೆಯಲ್ಲಿ ಹತ್ತು ಕ್ರಿಯಾಪದ ಕೊಟ್ಟು, ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿದ್ದೆವು. ಕುರುಗೋಡು ಸಮೀಪದ ಒಂದು ಶಾಲೆಯ ಇಪ್ಪತ್ತೆರಡು ಮಕ್ಕಳೂ ಬಾವಿಯ ಬಗ್ಗೆಯೇ ಬರೆದಿದ್ದರು. ಹಗ್ಗ ಜಾರಿತು, ಕೊಡ ಮುಳುಗಿತು, ನೀರು ಚೆಲ್ಲಿತು. ಪದಗಳೆಲ್ಲ ಸರಿ, ವಾಕ್ಯಗಳು ಹೆಚ್ಚುಕಡಿಮೆ ಒಂದೇ.

“ಒಂದ ಬಾವ್ಯಾಗ ಇಪ್ಪತ್ತೆರಡು ಮಂದಿ ಬಿದ್ದಾರಲ್ರೀ ಸಾರ್!” ಎಂದು ನಮ್ಮ ಹೆಡ್ ಕ್ಲಾರ್ಕ್ ನಕ್ಕರು.

ನನಗೆ ನಗು ಬರಲಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿದೆ ಎಂದು ತೀರ್ಮಾನಿಸಿದೆ. ಅಲ್ಲಿನ ಇಂಗ್ಲಿಷ್ ಮೇಷ್ಟ್ರು ಸಿರಿಗೇರಿಯ ಬಸಪ್ಪ. ಅವರ ಹುದ್ದೆ ಇನ್ನೂ ಕಾಯಂ ಆಗಿರಲಿಲ್ಲ. ಕೆಲಸ ಹೋಗಲು ನನ್ನದೊಂದು ವರದಿ ಸಾಕಿತ್ತು. ಅದನ್ನು ಹೊರಡುವ ಮೊದಲೇ ಬರೆದು ಜೇಬಿನಲ್ಲಿಟ್ಟುಕೊಂಡೆ. ‘ಐ ಫೌಂಡ್’ ಎಂದೇ ಅದರ ಆರಂಭ. ಸ್ಥಳಕ್ಕೆ ಹೋಗಿ ನಾನು ಕಂಡುಕೊಂಡದ್ದು ಎಂದು. ಸಹಿಯೊಂದೇ ಬಾಕಿ.

ಶಾಲೆಗೆ ಹೋದಾಗ ನನ್ನ ಆರೋಪ ಕೇಳಿ ಬಸಪ್ಪನವರ ಮುಖ ಬಿಳಿಚಿಕೊಂಡಿತು. “ಪೇಪರ್ ನಾ ಕಣ್ಣಿಲೆ ನೋಡಿಲ್ರಿ ಸಾರ್. ಸಾಲಿಯಾಗ ಬುಕ್ಕು ಇರೋದು ನಾಲ್ಕ. ಅದಕ್ಕ ಬಾವಿ ಹತ್ರ ಕಲಿಸ್ತೀನ್ರಿ. ಬಂದು ನೋಡ್ರಿ.”

ಬಾವಿಕಟ್ಟೆಯಲ್ಲಿ ಒಬ್ಬ ನೀರು ಸೇದಿದ, ಉಳಿದವರು ಅವನ ಕೆಲಸವನ್ನು ಇಂಗ್ಲಿಷಿನಲ್ಲಿ ಕೂಗಿದರು. ತಾನಾಗಿ ತುಳುಕಿದರೆ ‘ಸ್ಪಿಲ್’, ಬೇಕೆಂದು ಸುರಿದರೆ ‘ಪೋರ್’.

ಇದೂ ಬಾಯಿಪಾಠ ಇರಬಹುದು ಅನ್ನಿಸಿತು. ನನ್ನ ಛತ್ರಿ ಬಿಚ್ಚಿದೆ, ಮಡಿಸಿದೆ, ಬೀಳಿಸಿದೆ. ಪ್ರತಿ ಸಲವೂ ತಕ್ಕ ಪದ ಬಂತು. ಕೊನೆಗೆ ಛತ್ರಿ ಬಿಚ್ಚಲು ಬಾರದವನಂತೆ ತಿಣುಕಾಡಿದೆ. “ಹಿ ಟ್ರೈಸ್!” ಎಂದರು ಎಲ್ಲರೂ. ಹಿಂದೆ ನಿಂತಿದ್ದ ಗಂಗಿ ಎಂಬ ಹುಡುಗಿ ಮಾತ್ರ ನನ್ನ ಕೈಯನ್ನೇ ನೋಡುತ್ತ, “ನೋ. ಹಿ ಪ್ರಿಟೆಂಡ್ಸ್” ಎಂದಳು.

“ಹಾಗೆಂದರೇನಮ್ಮಾ?”

“ಛತ್ರಿ ಕೆಟ್ಟಿಲ್ರಿ. ನೀವ ಸುಳ್ಳ ಸುಳ್ಳ ಮಾಡಾಕತ್ತೀರಿ.”

“ಏ ಗಂಗೀ, ಸುಮ್ಕಿರು!” ಬಸಪ್ಪ ಗದರಿದರು.

ನಾನು ಛತ್ರಿಯನ್ನು ಕೆಳಗಿಟ್ಟೆ. ಜೇಬಿನಲ್ಲಿದ್ದ ಕಾಗದಕ್ಕೂ ಅದೇ ಪದ ಒಪ್ಪುತ್ತಿತ್ತು. ಅದನ್ನು ಹರಿದು, ಬಾವಿಕಟ್ಟೆಯ ಮೇಲೆ ಕುಳಿತು ಹೊಸ ವರದಿ ಬರೆದೆ. ಅದೂ ‘ಐ ಫೌಂಡ್’ ಎಂದೇ ಶುರುವಾಯಿತು. ಹುದ್ದೆ ಕಾಯಂ ಮಾಡಬೇಕೆಂಬ ಶಿಫಾರಸಿನೊಂದಿಗೆ ಮುಗಿಯಿತು. ಮುಂದೆ ಅದು ಮಂಜೂರೂ ಆಯಿತು. ನಿವೃತ್ತಿಯವರೆಗೆ, ಕಣ್ಣಾರೆ ನೋಡದೆ ‘ಐ ಫೌಂಡ್’ ಎಂದು ನಾನು ಮತ್ತೆ ಬರೆಯಲಿಲ್ಲ.

ಅಂದು ನಾನು ಬರೆಯುತ್ತಿದ್ದಾಗ, “ಸಾಹೇಬ್ರು ಈಗೇನು ಮಾಡಾಕತ್ತಾರ?” ಎಂದು ಬಸಪ್ಪ ಮಕ್ಕಳನ್ನು ಕೇಳಿದರು.

“ಹಿ ರೈಟ್ಸ್!”

ಗಂಗಿ ನನ್ನ ಕೈಯನ್ನು ನೋಡಿದಳು. ಈ ಸಲ ತಕರಾರು ತೆಗೆಯಲಿಲ್ಲ.