ತಾರಸಿಯಲ್ಲಿ ಕಟ್ಟಿದ ನಾಯಿ

ಹೊಕೊತೆನಾಂಗೊದ ಒಬ್ದೂಲಿಯಾ ಕಂಡವರ ಮನೆಯ ಬಟ್ಟೆ ಒಗೆದು ಬದುಕುವ ವಿಧವೆ. ಈ ಊರಿನಲ್ಲಿ ಡಿಸೆಂಬರ್ ಏಳರ ಸಂಜೆ ಆರಕ್ಕೆ ಪ್ರತಿ ಮನೆಯವರೂ ಕಸವನ್ನು ಬೀದಿಗೆ ಗುಡಿಸಿ, ಗುಡ್ಡೆ ಹಾಕಿ, ಸೈತಾನನನ್ನು ಸುಡುವುದೆಂದು ಅದಕ್ಕೆ ಬೆಂಕಿ ಇಡುತ್ತಾರೆ. ಜೊತೆಗೆ ಪಟಾಕಿ. ಆರು ವರ್ಷದ ಹಿಂದೆ ಆ ದಿನ, ನಾಯಿ ಪಿನೋಲ್ ಹೆದರಿ ಓಡಿಹೋಗದಿರಲೆಂದು ಒಬ್ದೂಲಿಯಾ ಅದರ ಕೊರಳಪಟ್ಟಿಯನ್ನು ಒಂದು ತೂತು ಬಿಗಿಮಾಡಿ, ಎಲ್ಲರಂತೆ ತಾರಸಿಯಲ್ಲೇ ಕಟ್ಟಿದ್ದಳು. ಮೊದಲ ಸದ್ದಿಗೇ ಅದು ತಾರಸಿಯ ಗೋಡೆ ಹಾರಿತು. ಹಗ್ಗ ನೆಲದವರೆಗೆ ಬರಲಿಲ್ಲ.

ಅಂದಿನಿಂದ ಪ್ರತಿವರ್ಷ ಆ ಮಧ್ಯಾಹ್ನ ಅವಳು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟುತ್ತಾಳೆ.

"ನಾಯೀನ ಒಳಗೆ ಕೂಡಿಹಾಕ್ರಪ್ಪಾ. ಹಗ್ಗ ಬಿಚ್ಚಿ. ಪಟ್ಟಿ ಎರಡು ಬೆರಳು ತೂರೋಷ್ಟು ಸಡಿಲ ಇರ್ಲಿ."

ಈ ವರ್ಷ ಎದುರುಮನೆಯ ಬಡಗಿ ವೆನ್ಸೆಸ್ಲಾವೊ ನಕ್ಕ.

"ಬಂದ್ಳು ನೋಡು ನಾಯಿಗಳ ಅಜ್ಜಿ. ಮೊದ್ಲು ನಿನ್ನ ನಾಲಿಗೇನ ಕಸದ ಜೊತೆ ಸುಡ್ಬೇಕು. ನಮ್ಮದು ಗಟ್ಟಿ ನಾಯಿ, ತಾಯಿ."

"ನಂದೂ ಗಟ್ಟೀನೇ ಇತ್ತು ಕಣೋ. ಹಗ್ಗಾನೂ ಗಟ್ಟಿ ಇತ್ತು."

ಅವನು ಬಾಗಿಲು ಹಾಕಿಕೊಂಡ. ಅವಳು ಮನೆಗೆ ಹೋಗಿ ಸ್ಟೂಲು ತಂದು, ಅವನ ಮನೆಯ ಪಕ್ಕದ ಓಣಿಯಲ್ಲಿ ಗೋಡೆಗೊತ್ತಿ ಕುಳಿತಳು. ಆರಕ್ಕೆ ಬೀದಿಯಲ್ಲಿ ಬೆಂಕಿ ಹತ್ತಿತು. ಪಟಾಕಿ ಸಿಡಿದದ್ದೇ ತಡ, ಅವನ ನಾಯಿ ತಾರಸಿಯ ಗೋಡೆ ಹಾರಿ, ಹಗ್ಗದಲ್ಲಿ ಅವಳ ತಲೆಯ ಮೇಲೆ ಜೋತಾಡತೊಡಗಿತು.

ಅವಳು ಸ್ಟೂಲು ಹತ್ತಿ ಅದರ ಹಿಂಗಾಲುಗಳನ್ನು ಹಿಡಿದು ಮೇಲಕ್ಕೆತ್ತಿದಳು. ಕೊರಳಿಗೆ ಕೈ ಎಟುಕಲಿಲ್ಲ. "ವೆನ್ಸೆ, ಹಗ್ಗ ಕೊಯ್ಯೋ" ಎಂದು ಕೂಗಿದಳು, ಕೂಗುತ್ತಲೇ ಇದ್ದಳು. ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಪಟಾಕಿ ನಿಂತ ಮೇಲೆ ವೆನ್ಸೆಸ್ಲಾವೊ ಓಡಿಬಂದ. ಅಷ್ಟರಲ್ಲಿ ಅವಳ ತೋಳುಗಳು ಸೋತುಹೋಗಿದ್ದವು.